ಎಡಗೈಗೊಂದು ತುಣುಕು ರೊಟ್ಟಿ

ಮೊನ್ನೆ ಕಲಬುರಗಿಯ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹೆಣ್ಣುಮಗಳೊಬ್ಬಳು ಸೀತನಿ ಸುಡುತ್ತ ಕೂತಿದ್ದಳು. ಹಾಲುಗಾಳು ತುಂಬಿದ ಜೋಳದ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಹೊರಳಿಸಿ, ಬಿಸಿ ಆರುವ ಮುಂಚೆ ಎರಡು ಅಂಗೈಗಳ ನಡುವೆ ಇಟ್ಟು ತಿಕ್ಕಬೇಕು. ಕಾಳು ಉದುರುತ್ತದೆ, ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳಬೇಕು. ನಾನೀಗ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ, ಕೋರ್ಟಿಗೆ ಹೊತ್ತಾಗಿತ್ತು. ಆದರೆ ಹೊಗೆಯೂ ಹಸಿರೂ ಬೆರೆತ ಆ ವಾಸನೆ ಕಾಲು ಕಟ್ಟಿಹಾಕಿತು. ಬಗಲಲ್ಲಿ ಕಾಗದದ ಕಟ್ಟು ಹಿಡಿದುಕೊಂಡೇ ಇನ್ನೊಂದು ಕೈ ಚಾಚಿದೆ.

"ಒಂದ ಕೈಲೆ ಹ್ಯಾಂಗ ತಿಕ್ಕತೀರಿ ಸಾಹೇಬ್ರ?" ಎಂದು ಅವಳು ನಕ್ಕಳು.

ತಿಕ್ಕಬಹುದು. ಹೇಗೆಂಬುದನ್ನು ಕಮಲಾಪುರದಲ್ಲಿ ಒಂದು ಚಳಿಗಾಲ ನಾನು ಕಣ್ಣಾರೆ ನೋಡಿದ್ದೇನೆ.

ಆಗ ನನ್ನ ಹೈಸ್ಕೂಲು ಮುಗಿದಿತ್ತು, ಮುಂದೇನೆಂದು ಗೊತ್ತಾಗಿರಲಿಲ್ಲ. ಕಮಲಾಪುರದ ಪ್ರಾರ್ಥನಾಮಂದಿರದಲ್ಲಿ ನಡೆಯುತ್ತಿದ್ದ ಶಾಲೆಯ ಮಾಸ್ತರರು ಕಾಯಿಲೆ ಬಿದ್ದು ಊರಿಗೆ ಹೋಗಿದ್ದರು. ಆ ಜಾಗಕ್ಕೆ ಅಪ್ಪ ನನ್ನನ್ನು ಕಳಿಸಿದ. ದೇವರನ್ನು ನಂಬುತ್ತೀಯಾ ಎಂದು ಯಾರೂ ಕೇಳಲಿಲ್ಲ, ಕಾಗುಣಿತ ಬರುತ್ತದೆಯೇ ಎಂದಷ್ಟೇ ಕೇಳಿದರು. ಒಳ್ಳೆಯದೇ ಆಯಿತು. ಮೊದಲ ಪ್ರಶ್ನೆ ಕೇಳಿದ್ದರೆ ಉತ್ತರ ಮುಗಿಯುವಷ್ಟರಲ್ಲಿ ಮಳೆಗಾಲ ಬಂದುಬಿಡುತ್ತಿತ್ತು. ಕಲಬುರಗಿಯಲ್ಲಿ ನಾನು ಓದಿದ ಶಾಲೆಯಲ್ಲಿ ಶುಕ್ರವಾರ ಸೂಟಿ, ಅದರ ಹಿಂದಿನ ಸಂಜೆ ಉರ್ದುವಿನಲ್ಲಿ ಬಹಸ್, ಅಂದರೆ ಚರ್ಚಾಸ್ಪರ್ಧೆ. ನಾವು ಎದ್ದು ನಿಲ್ಲುವ ಗಳಿಗೆಯಲ್ಲಷ್ಟೇ ನಮ್ಮದು ಯಾವ ಪಕ್ಷವೆಂದು ಉಸ್ತಾದರು ಹೇಳುತ್ತಿದ್ದರು. ಚಹಾ ಅಮೃತವೆಂದು ಒಂದು ವಾರ ಗೆದ್ದವನು ಮರುವಾರ ಚಹಾ ವಿಷವೆಂದು ಗೆಲ್ಲಬೇಕು. ಅಂಥ ಕಡೆ ಬೆಳೆದವನಿಗೆ ನಂಬಿಕೆ ಎನ್ನುವುದು ಪಕ್ಷ ಬದಲಿಸಲು ಬಾರದವರ ಅಭ್ಯಾಸವಾಗಿ ಕಾಣುತ್ತಿತ್ತು.

ಕಮಲಾಪುರದಲ್ಲಿ ನನ್ನ ಆಯಿ, ಅಂದರೆ ಅಪ್ಪನ ತಾಯಿ ಸಾರಮ್ಮ, ಇದ್ದಳು. ಅಲ್ಲಿನ ಕ್ರೈಸ್ತರ ಮನೆಗಳು ಬೆರಳೆಣಿಕೆಯವು, ಊರ ಹೊರಗಿನ ಕೇರಿಯಲ್ಲಿ. ಮಣ್ಣಿನ ಗೋಡೆ, ಫರಸಿ ಕಲ್ಲಿನ ನೆಲದ ಪ್ರಾರ್ಥನಾಮಂದಿರ. ಅದರ ಬಾಗಿಲು ನೇರ ಬಂಡಿರಸ್ತೆಗೆ ತೆರೆಯುತ್ತಿತ್ತು. ತಿಂಗಳಿಗೊಂದು ಭಾನುವಾರ ಕರ್ತನ ಭೋಜನ. ಯೇಸು ಕೊನೆಯ ಊಟದಲ್ಲಿ ಶಿಷ್ಯರಿಗೆ ರೊಟ್ಟಿ ಮುರಿದು ಕೊಟ್ಟ ನೆನಪಿಗೆ ಪಾದ್ರಿಗಳು ಹಿತ್ತಾಳೆ ತಟ್ಟೆ ಹಿಡಿದು ಸಾಲಿನಲ್ಲಿ ಬರುತ್ತಾರೆ; ಒಬ್ಬೊಬ್ಬರೂ ಬಲ ಅಂಗೈ ಚಾಚಿ ಒಂದು ತುಣುಕು ತೆಗೆದುಕೊಳ್ಳುತ್ತಾರೆ. ಆ ರೊಟ್ಟಿ ಆಯಿಯೇ ಬಡಿದ ಜೋಳದ ರೊಟ್ಟಿ. ಪುಸ್ತಕದಲ್ಲಿ ರೊಟ್ಟಿ ಎಂದಿದೆ; ನಮ್ಮಲ್ಲಿ ರೊಟ್ಟಿ ಎಂದರೆ ಮತ್ತೇನು?

ಮೊದಲ ಸಲ ನಾನು ಅದನ್ನು ನೋಡಿದಾಗ ತಟ್ಟೆ ಒಬ್ಬನ ಮುಂದೆ ನಿಲ್ಲದೆ ದಾಟಿತು. ಬಾಗಿಲ ಬಳಿ, ಚಪ್ಪಲಿಗಳ ಪಕ್ಕ, ಅಂಗಿಯ ಬಲತೋಳನ್ನು ಮೊಣಕೈ ತನಕ ಮಡಚಿ ಗಂಟು ಹಾಕಿದ್ದ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಕೂತಿದ್ದ. ತಲೆ ಎತ್ತಲಿಲ್ಲ. ಅವನೇ ತಿಪ್ಪಣ್ಣ. ದೀಕ್ಷಾಸ್ನಾನದಲ್ಲಿ ತಿಮೊಥೆ ಎಂದು ಹೆಸರಿಟ್ಟಿದ್ದರೂ ಅವನು ಸಾಕಿದ ಎಮ್ಮೆ ಕೂಡ ಅವನನ್ನು ತಿಪ್ಪಣ್ಣನೆಂದೇ ಗುರುತಿಸುತ್ತಿತ್ತು. ಕಲಬುರಗಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಯಂತ್ರಕ್ಕೆ ಅವನ ಬಲಗೈ ಹೋಗಿತ್ತು. ಗಾಯ ಮಾದು ಊರಿಗೆ ಬಂದ ಮೇಲೆ ಮೊದಲ ಭೋಜನದಲ್ಲಿ ಅವನು ಎಡಗೈ ಚಾಚಿದಾಗ ಸಭೆಯ ಹಿರಿಯ ದಾನೇಲಪ್ಪ ಆ ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗಿಳಿಸಿದ್ದನಂತೆ. ಎಡಗೈ ತೊಳೆಯುವ ಕೈ. ಅದನ್ನು ದೇವರ ತಟ್ಟೆಗೆ ಚಾಚುವುದುಂಟೇ? ಅಂದಿನಿಂದ ತಿಪ್ಪಣ್ಣನ ಜಾಗ ಬಾಗಿಲ ಕಡೆ.

ಒಂದು ಮುಂಜಾನೆ ಅವನ ಹೆಂಡತಿ ರೂತಮ್ಮ ಹಾಲಿನ ಚರಿಗೆ ಹಿಡಿದು ಶಾಲೆಯ ಮೆಟ್ಟಿಲ ಬಳಿ ನಿಂತಳು.

"ಮಾಸ್ತರ, ನೀ ವಕೀಲರ ಹಾಂಗ ಮಾತಾಡ್ತಿ ಅಂತ ನಿಮ್ಮ ಆಯಿ ಓಣಿ ತುಂಬ ಹೇಳ್ಕೋತ ತಿರಗ್ತಾಳ. ಆ ಬಾಯಿ ನಮಗೊಂದೀಟು ಕೊಡಪ್ಪ."

"ಏನಾಯ್ತ್ರಿ?"

"ಈ ಬಡಾ ದಿನಕ್ಕೂ ಬಾಗಲ ಕಡಿ ಕುಂದರಿಸಿದ್ರ ಎಮ್ಮಿ ಮಾರಿ ಸೊಲ್ಲಾಪುರಕ್ಕ ಹೋಗೋಣು ಅಂತಾರ ಇವರು. ಅಲ್ಲಿ ನಮ್ಮಣ್ಣ ಗಿರಣ್ಯಾಗ ಇದ್ದಾನ, ಬಾಗಲ ಕಾಯೋ ಕೆಲಸ ಕೊಡಸ್ತಾನಂತ. ಇಲ್ಲಿ ಬಾಗಲ ಕಾಯೋದು ಅಲ್ಲಿ ಕಾಯ್ತೀನಿ ಅಂತಾರ." ನಗಲು ಹೋದಳು, ನಗು ಬರಲಿಲ್ಲ. "ನನಗ ಈ ಊರ ಬಿಡಾಕ ಮನಸಿಲ್ಲಪ್ಪ."

ಕ್ರಿಸ್ಮಸ್ಸಿಗೆ ಅಲ್ಲಿ ಬಡಾ ದಿನವೆನ್ನುತ್ತಿದ್ದರು. ಅದು ದೂರವಿರಲಿಲ್ಲ.

ನಾನು ಒಪ್ಪಿದೆ. ಅವಳ ಕಣ್ಣೀರು ನೋಡಿ ಒಪ್ಪಿದೆನೆಂದು ಹೇಳಿದರೆ ಚೆನ್ನಾಗಿರುತ್ತದೆ. ನಿಜವೆಂದರೆ ಪ್ರಶ್ನೆ ನನಗೆ ಬಹಳ ರುಚಿಸಿತ್ತು. ಸತ್ಯವೇದ ಎಡಗೈ ಬೇಡವೆಂದಿಲ್ಲ, ಬೇಕೆಂದೂ ಇಲ್ಲ. ಪುಸ್ತಕ ಸುಮ್ಮನಿದ್ದ ಕಡೆ ನಾವು ಏನು ಮಾಡಬೇಕು? ಇದಕ್ಕಿಂತ ಒಳ್ಳೆಯ ವಿಷಯವನ್ನು ಉಸ್ತಾದರೂ ಕೊಟ್ಟಿರಲಿಲ್ಲ.

ಮುಂದಿನ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಯಾರೂ ಏಳಲಿಲ್ಲ; ತಿಪ್ಪಣ್ಣನ ಕೈಯ ವಿಷಯ ಸಭೆಯ ಮುಂದಿಡುತ್ತೇನೆಂದು ನಾನು ಮೊದಲೇ ಹೇಳಿದ್ದೆ. ನಮ್ಮ ಪಾದ್ರಿಗಳನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಬೀದರಿನ ಕಡೆಯವರು, ತೆಳ್ಳಗಿನ, ನೇರ ಮನುಷ್ಯ. ಆರಾಧನೆಯಲ್ಲಿ ಪುಸ್ತಕ ಹೇಳಿದ್ದನ್ನು ಮಾಡಬೇಕು, ಹೇಳದ್ದನ್ನು ಬಿಡಬೇಕು ಎಂಬುದು ಅವರ ಗೆರೆ. ಅದೇ ಗೆರೆ ಹಿಡಿದು ಹಿಂದಿನ ವರ್ಷ ಹಬ್ಬದ ದಿನ ಮಂದಿರದಲ್ಲಿ ತೆಂಗಿನಕಾಯಿ ಒಡೆಯುವುದನ್ನು ನಿಲ್ಲಿಸಿದ್ದರು. ದಾನೇಲಪ್ಪ ಅದನ್ನು ಮರೆತಿರಲಿಲ್ಲ.

ನಾನು ಎದ್ದು ನಿಂತೆ. ಅಭ್ಯಾಸಬಲದಿಂದ, ಬಹಸ್‌ನ ಅಧ್ಯಕ್ಷರನ್ನು ಕರೆಯುವಂತೆ, "ಜನಾಬ್-ಎ-ಸದರ್" ಎಂದುಬಿಟ್ಟೆ.

"ಇವನ ಸದರ ಯಾರಪಾ, ನಾನೋ ಅಯ್ಯನೋರೋ?" ಎಂದ ದಾನೇಲಪ್ಪ. ಎಲ್ಲರೂ ನಕ್ಕರು. ಅವನೂ ಕಡಿಮೆಯವನಲ್ಲ, ನಗು ನಿಲ್ಲುವ ಮೊದಲೇ ಹೊಡೆದ. "ಪುಸ್ತಕ ಎಡದ ಸುದ್ದಿ ಹೇಳಿಲ್ಲ ಅನಬ್ಯಾಡ. ನ್ಯಾಯತೀರ್ಪಿನ ದಿನ ಬಲಗಡಿ ಕುರಿ, ಎಡಗಡಿ ಆಡು. ಆಡಿನ ಕಡಿ ಕೈಲೆ ರೊಟ್ಟಿ ತಗೋಬೇಕೇನು?"

"ಅದು ನಿಲ್ಲೋ ಕಡಿ, ತಿನ್ನೋ ಕೈ ಅಲ್ರಿ. ಇಲ್ಲೇ ನೋಡ್ರಿ, ಹೆಣ್ಣುಮಕ್ಕಳೆಲ್ಲ ಎಡಗಡಿ ಕುಂತಾರ. ನಿಮ್ಮ ಲೆಕ್ಕದಾಗ ಇವರೆಲ್ಲ ಆಡುಗಳೇನು?"

"ಯಾವನಲೇ ನಮ್ಮನ್ನ ಆಡು ಅಂದಾವ?" ಎಂದು ನನ್ನ ಆಯಿಯೇ ಮೊದಲು ಎದ್ದಳು. ಅದು ನನ್ನ ಮಾತಲ್ಲ, ಎದುರು ಪಕ್ಷದ್ದು ಎಂದು ತಿಳಿಸುವಷ್ಟರಲ್ಲಿ ನನ್ನ ಬೆವರಿಳಿಯಿತು.

ಅಯ್ಯನವರು ಕೈಯೆತ್ತಿ ಸುಮ್ಮನಾಗಿಸಿದರು. "ತಮ್ಮಾ, ನಿಮ್ಮ ಆಯಿ ನಿನಗ ಸಂತಿಯಿಂದ ಉಪ್ಪು ತಾ ಅಂತಾಳ. ಬೆಲ್ಲ ತರಬ್ಯಾಡ, ಎಣ್ಣಿ ತರಬ್ಯಾಡ ಅಂತ ಒಂದೊಂದೇ ಹೇಳಬೇಕೇನು? ಉಪ್ಪು ಅಂದ ಮ್ಯಾಲ ಉಳಿದದ್ದೆಲ್ಲ ಬ್ಯಾಡ ಅಂತನೇ ಅರ್ಥ. ದೇವರ ಮಾತೂ ಹಂಗೇ. ಹೇಳಿದ್ದು ಹೇಳ್ಯಾನ, ಸುಮ್ಮನಿದ್ದಲ್ಲಿ ನಾವು ಕೈ ಹಾಕಬಾರದು."

ಒಳ್ಳೆಯ ವಾದ. ಇಂದಿಗೂ ಒಪ್ಪುತ್ತೇನೆ. ಆದರೆ ನನಗೆ ಅದರೊಳಗೇ ಒಂದು ಕಿಂಡಿ ಕಂಡಿತು.

"ಉಪ್ಪೇ ತರತೀನ್ರಿ ಅಯ್ಯನೋರ. ಆದ್ರ ಯಾವ ಕೈಯಾಗ ಹಿಡಕೊಂಡು ಬರಬೇಕಂತ ಆಯಿ ಹೇಳಿಲ್ಲಲ್ರಿ. ಎಡಗೈಯಾಗ ತಂದ್ರ ಉಪ್ಪು ಬೆಲ್ಲ ಆಗ್ತದೇನು?"

ಅಯ್ಯನವರು ಒಂದು ಕ್ಷಣ ನನ್ನನ್ನು ನೋಡಿ ನಕ್ಕರು. "ಇದು ಹೌದು," ಎಂದರು. "ಏನು ಕೊಡಬೇಕು ಅನ್ನೋದು ಬ್ಯಾರೆ, ಹ್ಯಾಂಗ ಹಿಡಕೋಬೇಕು ಅನ್ನೋದು ಬ್ಯಾರೆ."

ಬಾಗಿಲ ಬಳಿ ತಿಪ್ಪಣ್ಣ ಮೊದಲ ಸಲ ತಲೆ ಎತ್ತಿದ.

ದಾನೇಲಪ್ಪ ಬಿಡಲಿಲ್ಲ. ಅವನ ಮನೆಗೆ ಹಾಲು ಬರುವುದು ತಿಪ್ಪಣ್ಣನ ಎಮ್ಮೆಯಿಂದ. ಆ ಎಡಗೈ ಕರೆದ ಹಾಲನ್ನು ನೀವು ದಿನಾ ಕುಡಿಯುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಹಾಲು ಚರಗ್ಯಾಗ ಬರತದ, ಕೈಯಾಗ ಬರಂಗಿಲ್ಲ," ಎಂದು ಒರಟಾಗಿ ಹೇಳಿದ. ತಿಪ್ಪಣ್ಣನ ಮುಖ ಕಪ್ಪಿಟ್ಟಿತು. ಅದು ಕಂಡಿತೇನೋ, ಹಿರಿಯನ ದನಿ ಇಳಿಯಿತು. "ಏ ಹುಡುಗಾ, ನೀ ಕಲಬುರಗಿಯಾವ. ನಾಕ ದಿನ ಇದ್ದು ಹೋಗಾವ. ಈ ಬಾಗಲಾ ನೋಡು, ರಸ್ತಾಕ್ಕ ಅದ. ಊರ ಮಂದಿ ಹಾದು ಹೋಗ್ತಾರ. ನಮ್ಮನ್ನ ಮೊದಲೇ ಯಾವ ಕಣ್ಣೀಲೆ ನೋಡ್ತಾರ ನಿನಗ ಗೊತ್ತದೇನು? ಇವರ ದೇವರು ಎಡಗೈಗೆ ಪ್ರಸಾದ ಕೊಡ್ತಾನಂತ ನಾಳಿ ಸಂತ್ಯಾಗ ನಗತಾರ. ಆ ನಗಿ ಕೇಳಾವರು ನಾವು."

ಅದು ವಾದವೇ ಅಲ್ಲ, ಭಯ. ಆಗ ನಾನು ಕೂತುಬಿಡಬೇಕಿತ್ತು. ಅಯ್ಯನವರು ಆಗಲೇ ಅರ್ಧ ಒಪ್ಪಿದ್ದರು. ಆದರೆ ಬಹಸ್‌ನಲ್ಲಿ ಪಳಗಿದವನಿಗೆ ಗೆದ್ದ ಮೇಲೂ ಇನ್ನೊಂದು ಬಾಣ ಬಿಡುವ ಚಟ. "ಅಷ್ಟಕ್ಕೂ," ಎಂದೆ, "ಪುಸ್ತಕದಾಗ ಇಲ್ಲದ್ದನ್ನ ನೀವೇ ಪ್ರತಿ ತಿಂಗಳು ಕೊಡ್ತೀರಲ್ರಿ ಅಯ್ಯನೋರ. ಯೇಸು ಮುರಿದದ್ದು ಗೋಧಿ ರೊಟ್ಟಿ ಇದ್ದೀತು. ಜೋಳದ್ದು ಅಂತ ಎಲ್ಲಿ ಬರದದ?"

ಅಯ್ಯನವರ ನಗು ನಿಂತಿತು. ಅವರು ಪ್ರಾಮಾಣಿಕರು, ಪ್ರಾಮಾಣಿಕರೊಂದಿಗೆ ವಾದಿಸುವುದರಲ್ಲಿ ಇರುವ ಅಪಾಯ ನನಗೆ ಗೊತ್ತಿರಲಿಲ್ಲ. "ಖರೇ ಹೇಳಿದಿ," ಎಂದರು ಮೆಲ್ಲಗೆ. "ಇದು ಹಿಡಿಯೋ ರೀತಿ ಅಲ್ಲ, ಕೊಡೋ ವಸ್ತು. ನಾನೇ ಗೆರಿ ದಾಟೀನಿ. ಈ ಬಡಾ ದಿನಕ್ಕ ಗೋಧಿ ರೊಟ್ಟಿನೇ ಆಗಲಿ. ಕಲಬುರಗಿಯಿಂದ ನೀನೇ ತಗೊಂಡು ಬಾ."

"ಜ್ವಾಳ ನಡೀತಿತ್ತಂದ್ರ ನಮ್ಮ ತೆಂಗಿನಕಾಯಿ ಯಾಕ ನಡೀಲಿಲ್ರಿ?" ಎಂದು ದಾನೇಲಪ್ಪ ಕೇಳಿಯೇಬಿಟ್ಟ. ಅಯ್ಯನವರು ಪೂರ್ತಿ ಗೊಂದಲಕ್ಕೆ ಬಿದ್ದರು. ಒಂದು ಸಡಿಲ ಬಿಟ್ಟರೆ ಇನ್ನೊಂದು ಬರುತ್ತದೆ, ಎಡಗೈ ವಿಚಾರ ಪ್ರಾರ್ಥನೆ ಮಾಡಿ ಹೇಳುತ್ತೇನೆ, ಅಲ್ಲಿಯ ತನಕ ಇದ್ದ ಹಾಗೇ ಇರಲಿ ಎಂದು ಸಭೆ ಮುಗಿಸಿದರು. ಇದ್ದ ಹಾಗೆ ಎಂದರೆ ತಿಪ್ಪಣ್ಣ ಬಾಗಿಲ ಕಡೆ.

ಮರುದಿನದಿಂದ ತಿಪ್ಪಣ್ಣ ದಾನೇಲಪ್ಪನ ಮನೆಗೆ ಹಾಲು ನಿಲ್ಲಿಸಿದ. ಎಮ್ಮೆ ನೋಡಲು ಒಬ್ಬ ದಲ್ಲಾಳಿಯೂ ಬಂದುಹೋದ. ಇತ್ತ ಆಯಿ ನನಗೆ ರೊಟ್ಟಿ ಬಡಿಯುತ್ತ ಬಡಿಯುತ್ತ ಬೈಯುತ್ತಿದ್ದಳು. "ಅವನ ಕೈ ಒಳಗ ತರಾಕ ಹೋಗಿ ನನ್ನ ರೊಟ್ಟಿ ಹೊರಗ ಹಾಕಿದೆಲ್ಲೋ ಬಾಡ್ಯಾ. ಇದನ್ನ ಕಲ್ಸಾಕ ನಿಮ್ಮಪ್ಪ ಸಾಲಿಗೆ ಹಾಕಿದ್ನೇನು?" ಅವಳ ಪ್ರತಿ ಬಡಿತವೂ ರೊಟ್ಟಿಯ ಮೇಲೆ ಬೀಳುತ್ತಿತ್ತೆಂದು ನನಗೆ ಖಾತ್ರಿಯಿರಲಿಲ್ಲ.

ಹಬ್ಬ ಹತ್ತಿರವಾದಾಗ ಬಂಡಿ ಹತ್ತಿ ಕಲಬುರಗಿಗೆ ಹೋದೆ. ಅಲ್ಲಿನ ಮೋಮಿನಪುರದಲ್ಲಿ ಒಂದು ರೊಟ್ಟಿಭಟ್ಟಿ ಇತ್ತು. ಅದರ ಮುದುಕ ಮಾಲೀಕ ರೊಟ್ಟಿಯ ಕಟ್ಟು ಕಟ್ಟುವಾಗ ನಾನು ಕೇಳಿದೆ, "ಚಾಚಾ, ಕಮಲಾಪುರ ಮುಟ್ಟಿ ಹಬ್ಬ ಬರೋ ತನಕ ಮೆತ್ತಗ ಉಳೀತದೇನು?"

"ದೇಖೋ ಬೇಟಾ, ಉಳೀತದ ಅಂತ ನಾ ಹೇಳಿಲ್ಲ," ಎಂದ. "ಉಳಿಯಂಗಿಲ್ಲ ಅಂತನೂ ಹೇಳಿಲ್ಲ."

ಲೋಕವೆಲ್ಲ ನನ್ನ ವಿಷಯವನ್ನೇ ಚರ್ಚಿಸುತ್ತಿದೆಯೇ ಎನಿಸಿತು.

ಹಿಂದಿರುಗುವಾಗ ಮಹಾಗಾಂವದಲ್ಲಿ ತಂಗಿ, ಮರುದಿನ ಮಧ್ಯಾಹ್ನ ಕಮಲಾಪುರದ ಹೊಲಗಳ ಬಳಿ ಬಂದೆ. ಕೆಂಪು ಬಾಳೆಯ ತೋಟ ದಾಟಿದ ಮೇಲೆ ಕರಿಮಣ್ಣಿನ ಜೋಳದ ಹೊಲ ಶುರು. ಚಳಿಗಾಲದ ಹದ ಬಿಸಿಲಿಗೆ ದಂಟೆಲ್ಲ ಹೊಳೆಯುತ್ತಿತ್ತು. ಅಲ್ಲಿ ದಾನೇಲಪ್ಪ ಪಾಲಿಗೆ ಮಾಡಿದ ಹೊಲದಿಂದ ಆ ವಾಸನೆ ಬಂತು. ಮುಂಚೆ ಬಿತ್ತಿದ ಜೋಳ, ಹಾಲುಗಾಳು ತುಂಬಿತ್ತು. ಪ್ರತಿ ವರ್ಷ ಮೊದಲ ಸೀತನಿಗೆ ಅವನು ಇಡೀ ಕೇರಿಯನ್ನು ಕರೆಯುತ್ತಿದ್ದ. ಜಗಳವಿದೆಯೆಂದು ಕರೆಯದೆ ಇರುವ, ಕರೆದಾಗ ಹೋಗದೆ ಇರುವ ರೂಢಿ ಆ ಕೇರಿಯಲ್ಲಿರಲಿಲ್ಲ. ಆಯಿ ಇದ್ದಳು, ಅಯ್ಯನವರಿದ್ದರು, ರೂತಮ್ಮ ಇದ್ದಳು. ತುಸು ದೂರದಲ್ಲಿ, ಬೆನ್ನು ಮಾಡಿ, ತಿಪ್ಪಣ್ಣನೂ ಇದ್ದ.

ಬಂಡಿ ನಿಲ್ಲಿಸಿ ನಾನೂ ಕೂತೆ. ದಾನೇಲಪ್ಪ ಕೆಂಡದಿಂದ ತೆನೆ ಎಳೆದು ಎಳೆದು ಎಲ್ಲರ ಕಡೆ ಎಸೆಯುತ್ತಿದ್ದ. ತಿಪ್ಪಣ್ಣನ ಮುಂದೆಯೂ ಒಂದು ಬಿತ್ತು. ಅವನು ಎತ್ತಿ ತೊಡೆಗೆ ಒತ್ತಿ ಒಂದೇ ಕೈಯಲ್ಲಿ ತಿಕ್ಕಲು ನೋಡಿದ. ತೆನೆ ಜಾರಿ ಮಣ್ಣಿಗೆ ಬಿತ್ತು. ಊದಿ, ಮತ್ತೆ ಒತ್ತಿದ. ಕಾಳು ಬಟ್ಟೆಯ ಮೇಲೆಲ್ಲ ಚೆಲ್ಲಿದವು. ರೂತಮ್ಮ ಏಳಹೋದಳು, "ಕುಂದ್ರು" ಎಂದ ಅವನು, ತಿರುಗಿ ನೋಡದೆ.

ಆ ಹೊತ್ತಿಗೆ ದಾನೇಲಪ್ಪ ಇನ್ನೊಂದು ತೆನೆ ಹಿಡಿದು ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಏನೋ ಯೋಚಿಸಿ ಹೋದವನಂತೆ ಕಾಣಲಿಲ್ಲ. ಅವರಿಬ್ಬರೂ ಹುಡುಗರಾಗಿದ್ದಾಗಿನಿಂದ ಒಂದೇ ನೊಗಕ್ಕೆ ಹೆಗಲು ಕೊಟ್ಟು ದುಡಿದವರಂತೆ. ಒಬ್ಬನ ಕೈ ಎಡವಿದಲ್ಲಿ ಇನ್ನೊಬ್ಬನ ಕೈ ಹೋಗುವುದು ರೂಢಿಯಾಗಿತ್ತೇನೋ. "ಏ, ಹಿಡಿ ಇತ್ತ," ಎಂದು ತನ್ನ ಬಲ ಅಂಗೈ ಮೇಲೆ ತೆನೆ ಇಟ್ಟು ಚಾಚಿದ. ತಿಪ್ಪಣ್ಣ ಅದರ ಮೇಲೆ ಎಡ ಅಂಗೈ ಇಟ್ಟ. ಇಬ್ಬರ ಒಂದೊಂದು ಕೈ, ನಡುವೆ ಬಿಸಿ ತೆನೆ. "ಸುಡತದಲೇ, ಲಗೂ ತಿಕ್ಕು!" "ನೀ ಗಟ್ಟಿ ಹಿಡಿ ಮೊದಲ!" ಹಸಿರು ಕಾಳು ದಾನೇಲಪ್ಪನ ಅಂಗೈ ತುಂಬ ನಿಂತವು. ಹೊಟ್ಟು ಊದಿದ. ಇಬ್ಬರೂ ಅದೇ ಅಂಗೈಯಿಂದ ತೆಗೆದು ತೆಗೆದು ತಿಂದರು. ದಾನೇಲಪ್ಪ ಬಲಗೈಯಿಂದ ತಿನ್ನುವಂತಿರಲಿಲ್ಲ, ಅದರಲ್ಲಿ ಕಾಳಿದ್ದವು. ಅವನೂ ಎಡಗೈಯಿಂದಲೇ ತಿನ್ನುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಇಡೀ ಬಹಸ್ ನನ್ನ ಕಣ್ಣೆದುರಿಗೆ ಗೆದ್ದು ಕೂತಿತ್ತು. "ನೋಡ್ರಿ ಹಿರಿಯರ, ನಿಮ್ಮ..." ಎಂದು ಬಾಯಿ ತೆರೆದೆ. ಆಯಿ ಆ ತೆರೆದ ಬಾಯಿಗೆ ಒಂದು ಹಿಡಿ ಬಿಸಿ ಸೀತನಿ ತುರುಕಿದಳು.

"ತಿನ್ನು," ಎಂದಳು. "ಮಾತಾಡಿದ್ರ ಈ ಸಲ ಕೆಂಡ ಹಾಕತೀನಿ."

ನಾಲಿಗೆ ಸುಟ್ಟುಕೊಂಡು ಅಗಿಯತೊಡಗಿದೆ. ದಾನೇಲಪ್ಪ ಒಮ್ಮೆ ತನ್ನ ಅಂಗೈ ನೋಡಿಕೊಂಡ. ಆಮೇಲೆ ಎಡಗೈ ನೋಡಿಕೊಂಡ. ಎದ್ದು ಹೋಗಿ ಇನ್ನೊಂದು ತೆನೆ ಕೆಂಡಕ್ಕಿಟ್ಟ. ಅಯ್ಯನವರು ಎಲ್ಲೋ ದೂರದ ಗುಡ್ಡ ನೋಡುತ್ತಿದ್ದರು.

ಬಡಾ ದಿನದ ಮುಂಜಾನೆ ಮಂದಿರ ತುಂಬಿತ್ತು. ತಿಪ್ಪಣ್ಣ ಎಂದಿನಂತೆ ಬಾಗಿಲ ಕಡೆ. ರೂತಮ್ಮ ಹೆಂಗಸರ ಸಾಲಿನಿಂದ ಅವನನ್ನೇ ನೋಡುತ್ತಿದ್ದಳು. ಹಾಡು ಮುಗಿಯುತ್ತಿದ್ದಂತೆ ದಾನೇಲಪ್ಪ ಮೊದಲ ಸಾಲಿನಿಂದ ಎದ್ದ. ಜನರನ್ನು ದಾಟಿ ದಾಟಿ ಹಿಂದಕ್ಕೆ ಬಂದು, ಚಪ್ಪಲಿಗಳನ್ನು ಕಾಲಿನಿಂದ ಸರಿಸಿ, ತಿಪ್ಪಣ್ಣನ ಪಕ್ಕ ಕೂತ.

ಅಯ್ಯನವರು ತಟ್ಟೆ ಹಿಡಿದು ಸಾಲು ಸಾಲಾಗಿ ಬಂದರು. ಮೋಮಿನಪುರದ ರೊಟ್ಟಿ ಇಟ್ಟಿಗೆಯಾಗಿತ್ತು. ಅವರು ಅದನ್ನು ಮುರಿಯುವಾಗ ಸದ್ದು ಕೇಳಿ ಆಯಿ ನನ್ನತ್ತ ನೋಡಿದ ನೋಟ ಇನ್ನೂ ನೆನಪಿದೆ. ಬಾಗಿಲ ಬಳಿ ಬಂದಾಗ ದಾನೇಲಪ್ಪ ಬಲ ಅಂಗೈ ಚಾಚಿದ. ತಿಪ್ಪಣ್ಣನ ಕೈ ತೊಡೆಯ ಮೇಲೇ ಇತ್ತು. ಹಿರಿಯ ಮೊಣಕೈಯಿಂದ ಅವನನ್ನು ತಿವಿದ. ತಿಪ್ಪಣ್ಣ ಅವನ ಮುಖ ನೋಡಿದ. ಮತ್ತೊಂದು ತಿವಿತ. ಆಗ ಎಡ ಅಂಗೈ ನಿಧಾನ ಎದ್ದು ಬಂದು ಬಲ ಅಂಗೈಯ ಅಂಚಿಗೆ ಅಂಟಿಕೊಂಡಿತು. ನೀರು ಕುಡಿಯಲು ಬೊಗಸೆ ಮಾಡಿದಂತೆ ಎರಡೂ ಸೇರಿ ನಿಂತವು.

ಅಯ್ಯನವರು ನಿಂತರು. ರೂತಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದ ಹಾಗೇ ಇದ್ದಳು. ನಾನು, ಯಾರನ್ನೂ ನಂಬದವನು, ಏನನ್ನೋ ಬೇಡಿಕೊಳ್ಳುತ್ತಿದ್ದೆ.

ಅವರು ಒಂದು ದೊಡ್ಡ ತುಂಡು ಆರಿಸಿ ಆ ಬೊಗಸೆಯ ನಡುವೆ ಇಟ್ಟರು.

ದಾನೇಲಪ್ಪ ಒಂದು ಅಂಚು ಹಿಡಿದ, ತಿಪ್ಪಣ್ಣ ಇನ್ನೊಂದು. ಎಳೆದರು. ಚಟ್ಟೆಂದು ಮುರಿಯಿತು. ಇಬ್ಬರೂ ಬಾಯಿಗೆ ಹಾಕಿಕೊಂಡರು. ಸರಿಯಾಗಿ ಆಗಲೇ ರಸ್ತೆಯಲ್ಲಿ ಹೋಗುತ್ತಿದ್ದ ಊರವನೊಬ್ಬ ಒಳಗೆ ಇಣುಕಿದ. ದಾನೇಲಪ್ಪನ ದವಡೆ ನಿಂತುಹೋಯಿತು.

"ಏನ್ ದಾನೇಲಪ್ಪ, ಹಬ್ಬ ಜೋರದ! ಸಂಜಿಕ್ಕ ಭಜನಿ ಅದೇನು?" ಎಂದ ಅವನು.

"ಅದ ಅದ, ಬರ್ರಿ ಕೇಳಾಕ," ಎಂದ ದಾನೇಲಪ್ಪ, ಬಾಯ್ತುಂಬ ರೊಟ್ಟಿಯಿಟ್ಟುಕೊಂಡೇ. ದಾರಿಹೋಕ ಮುಂದೆ ಹೋದ. ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ದಾನೇಲಪ್ಪ ಬಿಟ್ಟದ್ದು ನನಗೆ ಕೇಳಿಸಿತು. ಅಥವಾ ಅದು ನನ್ನದೇ ಇದ್ದೀತು.

ಮಧ್ಯಾಹ್ನ ಅಯ್ಯನವರನ್ನು ಹಿಡಿದು ಕೇಳಿದೆ. "ಯಾವ ಲೆಕ್ಕದಾಗ ಕೊಟ್ರಿ? ಪುಸ್ತಕ ಇನ್ನೂ ಸುಮ್ಮನೇ ಅದಲ್ರಿ."

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಎಡಗೈಗೆ ಯಾಕ ಕೊಟ್ಟಿ ಅಂತ ಮಂದಿ ಕೇಳಿದ್ರ, ಬಲಗೈ ಇತ್ತಲ್ಲ, ಅದಕ್ಕ ಕೊಟ್ಟೀನಿ ಅಂತೀನಿ. ಎಡಗೈಗೆ ಯಾಕ ಕೊಡಲಿಲ್ಲ ಅಂತ ದೇವರು ಕೇಳಿದ್ರ, ಅಲ್ಲೇ ಇತ್ತಲ್ಲಪ್ಪ ತಂದೆ, ಅದಕ್ಕೇ ಕೊಟ್ಟೀನಿ ಅಂತೀನಿ."

"ನೀವು ನಮ್ಮ ಬಹಸ್‌ಗೆ ಬರಬೇಕಿತ್ರಿ."

"ಬ್ಯಾಡಪ್ಪ. ನಿನ್ನ ಒಂದು ಬಹಸಿಗೆ ನನ್ನ ಹಲ್ಲು ಅಲಗ್ಯಾಡಾಕತ್ತದ." ದವಡೆ ಒತ್ತಿಕೊಂಡರು. "ಮುಂದಿನ ತಿಂಗಳ ರೊಟ್ಟಿ ಬಡಿ ಅಂತ ನಿಮ್ಮ ಆಯಿಗೆ ಹೇಳು. ರೊಟ್ಟಿ ಅಂತ ಬರದದ, ಸಾಕು. ಯಾವ ಕಾಳಿನದು ಅಂತ ನಾ ಕೇಳಂಗಿಲ್ಲ, ನೀನೂ ಕೇಳಬ್ಯಾಡ." ತೆಂಗಿನಕಾಯಿ? ಅದು ಚಟ್ನಿಗೆ ಛಲೋ ಆಗ್ತದ ಎಂದರಂತೆ ದಾನೇಲಪ್ಪನಿಗೆ.

ಪುಸ್ತಕದ ಮೌನ ಅಪ್ಪಣೆಯೋ ನಿಷೇಧವೋ, ನಾನಿನ್ನೂ ತೀರ್ಮಾನಿಸಿಲ್ಲ. ಬೇಕಾದರೆ ಎರಡೂ ಪಕ್ಷ ವಹಿಸಿ ಗೆಲ್ಲಬಲ್ಲೆ. ಆದರೆ ಆ ಹಬ್ಬದ ಮರುದಿನ ನಸುಕಿನಲ್ಲಿ, ಚಳಿಗೆ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಾಗ ತಿಪ್ಪಣ್ಣ ಓಣಿಯಲ್ಲಿ ಬರುತ್ತಿದ್ದ. ಎಡಗೈಯಲ್ಲಿ ಚರಿಗೆ, ಅದರ ಬಾಯಿಂದ ಏಳುವ ಹಬೆ.

"ಎಮ್ಮಿ ಮಾರತೀನಿ ಅಂದಿದ್ರಿ?" ಎಂದು ಕೇಳಿದೆ.

"ಮಾರಿದ್ರ ಆ ಮುದುಕಗ ಚಹಾಕ್ಕ ಹಾಲು ಯಾರು ಕೊಡಬೇಕೋ?" ಎಂದು ಬೈಯುತ್ತ, ಹಾಲು ತುಳುಕದ ಹಾಗೆ ಕೈ ಎತ್ತಿ ಹಿಡಿದು, ದಾನೇಲಪ್ಪನ ಮನೆಯ ಕಡೆ ತಿರುಗಿದ.